ಗಾಲಿಕುರ್ಚಿಯಿಂದ ಗಾಳ ಹಾಕಲು ಕೆರೆಯ ಯಾವ ಬದಿ?

ಮಾನ್ಯರೆ,

ಕೋಲಾರ ತಾಲ್ಲೂಕಿನಿಂದ ನೀವು ಬರೆದ ಪತ್ರ ತಲುಪಿದೆ. ಹೆಸರು, ಊರು ಎರಡೂ ಬೇಡವೆಂದು ಕೋರಿರುವುದರಿಂದ ಅವನ್ನು ಬಿಟ್ಟು, ಇತರ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇವೆ. ಶ್ರೀನಿವಾಸಪುರದ ಕಡೆ ನೆಂಟರ ತೋಪಿನಲ್ಲಿ ಮಾವು ಕೀಳುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ನೀವು ಗಾಲಿಕುರ್ಚಿಯಲ್ಲಿ ಓಡಾಡುತ್ತೀರಿ. ಬಹುಕಾಲ ಒಣಗಿದ್ದ ನಿಮ್ಮೂರಿನ ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯ, ಅಂದರೆ ಬೆಂಗಳೂರಿನಲ್ಲಿ ಸಂಸ್ಕರಿಸಿ ಬಿಡುವ, ನೀರು ಬಂದಿದೆ. ಮೀನಿನ ಮರಿ ಬಿಟ್ಟಿದ್ದಾರೆ. ಸಂಜೆಯ ಹೊತ್ತು ಹುಡುಗರು ಏರಿಯ ಕಲ್ಲುಗಳ ಮೇಲೆ ಕುಳಿತು ಗಾಳ ಹಾಕುವಾಗ ನೀವು ಮೇಲಿನ ರಸ್ತೆಯಲ್ಲೇ ಉಳಿಯುತ್ತೀರಿ. ಏರಿಯ ಮೆಟ್ಟಿಲ ಪಕ್ಕದಲ್ಲಿ ನೀರಿನವರೆಗೆ ರ‍್ಯಾಂಪ್ ಕಟ್ಟಿಸಿಕೊಡಿ ಎಂದು ಅರ್ಜಿ ಕೊಡಬಹುದೇ ಎಂಬುದು ನಿಮ್ಮ ಮೊದಲ ಪ್ರಶ್ನೆ. ಮನೆಯವರೊಡನೆ ಹೋಗಿದ್ದ ಒಂದು ದೋಣಿವಿಹಾರ ಕೇಂದ್ರದಲ್ಲಿ ‘ವೀಲ್‌ಚೇರ್‌ನವರನ್ನು ಹತ್ತಿಸೋದಿಲ್ಲ, ರಿಸ್ಕು’ ಎಂದು ಟಿಕೆಟ್ ಕೊಡದೆ ಕಳುಹಿಸಿದ್ದು ಸರಿಯೇ ಎಂಬುದು ಎರಡನೆಯದು. ಮೂರನೆಯದು ನಿಮ್ಮ ದೊಡ್ಡಪ್ಪನವರ ಮಾತು: ‘ಆಸ್ಪತ್ರೆಗೇ ನೆಟ್ಟಗೆ ದಾರಿ ಇಲ್ಲ, ನಿನಗೆ ಮೀನು ಹಿಡಿಯೋ ಶೋಕಿ.’

ಕೊನೆಯದನ್ನು ಮೊದಲೇ ಮುಗಿಸಿಬಿಡೋಣ. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ 29ನೇ ಪ್ರಕರಣವು ಇತರರಿಗೆ ಸಮನಾಗಿ ಮನರಂಜನೆಯಲ್ಲಿ ಪಾಲ್ಗೊಳ್ಳುವುದನ್ನು ಹಕ್ಕೆಂದು ಕರೆಯುತ್ತದೆ. ಅದಕ್ಕೆ ಕ್ರಮ ಕೈಗೊಳ್ಳುವ ಹೊಣೆಯನ್ನು ಸರ್ಕಾರದ ಜೊತೆಗೆ ಸ್ಥಳೀಯ ಸಂಸ್ಥೆಗಳ ಮೇಲೂ ಹೊರಿಸುತ್ತದೆ. ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆಗಳನ್ನೂ ಹೆಸರಿಸುತ್ತದೆ. ಆಸ್ಪತ್ರೆಯ ದಾರಿ ಸರಿಯಾಗುವ ತನಕ ಕೆರೆಯ ದಾರಿಯನ್ನು ಕೇಳಬಾರದೆಂಬ ಸರದಿ ಆ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ದೊಡ್ಡಪ್ಪನವರು ಹಿರಿಯರು, ಅವರ ಕಾಳಜಿಯೂ ನಿಜವಾದದ್ದೇ; ಆದರೆ ಕಾಲಿರುವವರು ಗಾಳ ಹಾಕಿದರೆ ಹವ್ಯಾಸ, ಕಾಲಿಗೆ ಸ್ವಾಧೀನವಿಲ್ಲದವರು ಹಾಕಿದರೆ ಶೋಕಿ ಎನ್ನುವುದನ್ನು ನಾವು ಒಪ್ಪಲಾರೆವು.

ಇನ್ನು ಮೊದಲ ಪ್ರಶ್ನೆ. ಏರಿಯ ಮೇಲೆ ರ‍್ಯಾಂಪ್ ಕೇಳಬೇಡಿ ಎಂಬುದೇ ನಮ್ಮ ಸಲಹೆ. ಕಾರಣ ಲೆಕ್ಕದಲ್ಲಿದೆ. ಗಾಲಿಕುರ್ಚಿಯ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಅಂದರೆ ಒಂದಡಿ ಇಳಿಯಲು ಹನ್ನೆರಡು ಅಡಿ ಓಟ ಬೇಕು. ಸುಮಾರು 760 ಮಿಲಿಮೀಟರ್ ಇಳಿದ ಮೇಲೆ ಒಂದೂವರೆ ಮೀಟರಿನ ಸಮತಟ್ಟಾದ ತಂಗುಜಾಗವೂ ಬೇಕು. ಏರಿಯ ತಲೆಯಿಂದ ಬೇಸಿಗೆಯ ನೀರಿನ ಮಟ್ಟಕ್ಕೆ ಐದು ಮೀಟರ್ ಇದೆಯೆಂದುಕೊಂಡರೆ, ತಂಗುಜಾಗಗಳೂ ಸೇರಿ ರ‍್ಯಾಂಪ್‌ನ ಉದ್ದ ಎಪ್ಪತ್ತು ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಅಷ್ಟುದ್ದದ ಕಟ್ಟಡಕ್ಕಾಗಿ ಮಣ್ಣಿನ ಏರಿಯ ಒಳಮೈಯನ್ನು ಕಡಿಯಲು ಯಾವ ಎಂಜಿನಿಯರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಏರಿಗೆ ಪೆಟ್ಟಾದರೆ ಕೆಳಗಿನ ಊರುಗಳಿಗೆ ಅಪಾಯ. ಇದಕ್ಕಿಂತ ಮುಖ್ಯವಾದದ್ದೆಂದರೆ, ಕೆರೆಯಲ್ಲಿ ಅತಿ ಆಳವಾದ ಜಾಗ ಏರಿಯ ಬುಡ, ಅದರಲ್ಲೂ ತೂಬಿನ ಆಸುಪಾಸು. ಬ್ರೇಕು ಸಡಿಲಾದ ಕುರ್ಚಿ ಉರುಳುವುದಾದರೆ ಅಂಥ ಕಡೆ ಉರುಳಬಾರದು.

ಏರಿಯ ಎರಡು ತುದಿಗಳಲ್ಲಿ ಅದು ಎತ್ತರದ ಗಟ್ಟಿ ನೆಲಕ್ಕೆ ಕೂಡಿಕೊಳ್ಳುತ್ತದಲ್ಲವೇ, ಅಲ್ಲಿಗೆ ಹೋಗಿ ನೋಡಿ. ಕೋಡಿ ಇರುವ ತುದಿಯನ್ನು ಬಿಡಿ, ಮಳೆಗಾಲದಲ್ಲಿ ಅಲ್ಲಿ ಸೆಳೆತವಿರುತ್ತದೆ. ಇನ್ನೊಂದು ತುದಿಯಿಂದ ಕೆರೆಯ ಅಂಚಿನುದ್ದಕ್ಕೂ ಸ್ವಲ್ಪ ಹಿಂದಕ್ಕೆ ಸರಿದರೆ, ಹೂಳು ಇನ್ನೂ ಶುರುವಾಗದ, ಕಾಲಿಟ್ಟರೆ ಹೂತುಹೋಗದ ಗರಸು ನೆಲದ ಇಳಿಜಾರು ನಮ್ಮ ಸೀಮೆಯ ಬಹುತೇಕ ಕೆರೆಗಳಲ್ಲಿ ಸಿಗುತ್ತದೆ. ಆ ನೆಲ ತಾನಾಗಿಯೇ ಹದಿನೈದು ಅಡಿಗೆ ಒಂದಡಿಯಷ್ಟು ಇಳಿಯುತ್ತಿದ್ದರೆ ಅರ್ಧ ಕೆಲಸ ಪ್ರಕೃತಿಯೇ ಮಾಡಿಕೊಟ್ಟಂತೆ.

ನಿಜವಾದ ತೊಡಕು ನೀರಿನ ಮಟ್ಟದ್ದು. ಕಾರ್ತಿಕದಲ್ಲಿ ತುಂಬಿದ ಕೆರೆ ವೈಶಾಖದ ಹೊತ್ತಿಗೆ ಮೀಟರುಗಟ್ಟಲೆ ಇಳಿದಿರುತ್ತದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಯತೊಡಗಿದ ಮೇಲೆ ಅದು ತಲುಪುವ ಕೆರೆಗಳಲ್ಲಿ ಈ ಏರುಪೇರು ಕಡಿಮೆಯಾಗಬಹುದಾದರೂ ಪೂರ್ತಿ ನಿಲ್ಲುವಂಥದ್ದಲ್ಲ. ತುಂಬಿದ ನೀರನ್ನು ನೋಡಿ ಕಟ್ಟಿದ ಚೆಂದದ ಕಟ್ಟೆಯೊಂದು ಫೆಬ್ರವರಿಯಲ್ಲಿ ಒಣ ಮಣ್ಣಿಗೆ ಮುಖ ಮಾಡಿ ನಿಂತಿರುತ್ತದೆ. ತೇಲುವ ಜೆಟ್ಟಿ ಹಾಕಿದರೆ ಅದು ನೀರಿನ ಜೊತೆಗೇ ಇಳಿಯುತ್ತದೆ, ನಿಜ. ಆದರೆ ದಡದಿಂದ ಜೆಟ್ಟಿಗೆ ಹಾಕಿದ ಓಡುಹಲಗೆ ನೀರು ಇಳಿದಂತೆಲ್ಲ ಕಡಿದಾಗುತ್ತ ಹೋಗುತ್ತದೆ. ಎರಡು ಮೀಟರ್ ಇಳಿತಕ್ಕೂ 1:12 ಉಳಿಯಬೇಕಾದರೆ ಹಲಗೆ 24 ಮೀಟರ್ ಉದ್ದವಿರಬೇಕು. ಅಂಗವಿಕಲರಿಗೆ ಪ್ರವೇಶ ಸುಗಮವಾಗಿಸಲು ಅಮೆರಿಕ ಮಾಡಿದ 2010ರ ಮಾನದಂಡಗಳು ಕೂಡ ದೊಡ್ಡ ದೋಣಿ ನಿಲ್ದಾಣಗಳ ಹಲಗೆಗೆ ಸುಮಾರು ಇಷ್ಟೇ ಉದ್ದಕ್ಕೆ, ಅಂದರೆ 80 ಅಡಿಗೆ, ಗೆರೆ ಎಳೆದು, ಅದರ ಮೇಲೆ ಇಳಿಜಾರು ಹೆಚ್ಚಿದರೂ ಸೈ ಎಂದಿವೆ. ಊರ ಕೆರೆಗೆ ಅಷ್ಟು ಖರ್ಚು ಯಾರೂ ಹಾಕುವುದಿಲ್ಲ.

ಆದ್ದರಿಂದ ಒಂದು ದೊಡ್ಡ ಕಟ್ಟೆಯ ಬದಲು ಮೂರು ಚಿಕ್ಕ ಕಟ್ಟೆಗಳನ್ನು ಕೇಳಿ. ಗರಸು ದಡದಲ್ಲಿ ಒಂದರ ಕೆಳಗೊಂದರಂತೆ, ಒಂದಕ್ಕಿಂತ ಇನ್ನೊಂದು ಸುಮಾರು 70 ಸೆಂಟಿಮೀಟರ್ ತಗ್ಗಿನಲ್ಲಿ, ನೀರಿನ ಕಡೆಗೆ ಸೈಜುಗಲ್ಲಿನ ಗೋಡೆ ಕಟ್ಟಿ ಮೇಲೆ ಚಪ್ಪಡಿ ಹಾಸಿದರೆ ಮೂರೂ ಸೇರಿ ಎರಡು ಮೀಟರಿನ ಏರಿಳಿತವನ್ನು ನಿಭಾಯಿಸುತ್ತವೆ. ಕೆರೆ ತುಂಬಿದಾಗ ಕೆಳಗಿನವೆರಡು ಮುಳುಗುತ್ತವೆ, ಮುಳುಗಲಿ. ಕಲ್ಲಿಗೆ ಏನೂ ಆಗುವುದಿಲ್ಲ, ನೀರು ಇಳಿದ ಮೇಲೆ ಕೆಸರು ತೊಳೆದರೆ ಸಾಕು. ಕಲ್ಲಿಗೂ ಕಲ್ಲುಕೆಲಸದವರಿಗೂ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಚಪ್ಪಡಿಯ ಮೈ ಮಾತ್ರ ಉಳಿಪೆಟ್ಟಿನ ಒರಟಿನದಾಗಿರಲಿ, ಪಾಲಿಶ್ ಕಲ್ಲು ಒದ್ದೆಯಾದರೆ ಜಾರುತ್ತದೆ. ಸಂದುಗಳಿಗೆ ಗಾರೆ ತುಂಬಿಸಿ, ಇಲ್ಲದಿದ್ದರೆ ಕುರ್ಚಿಯ ಮುಂದಿನ ಚಿಕ್ಕ ಗಾಲಿ ಅದರಲ್ಲೇ ಸಿಕ್ಕಿಕೊಳ್ಳುತ್ತದೆ.

ಕಟ್ಟೆಯ ಅಳತೆಯಲ್ಲಿ ಎಲ್ಲರೂ ಎಡವುವ ಜಾಗ ಕಂಬಿಯದು. ಕುರ್ಚಿ ಒಂದು ಸುತ್ತು ತಿರುಗಲು ಒಂದೂವರೆ ಮೀಟರ್ ಬೇಕು, ಜೊತೆಗೆ ಕೂರುವವರಿಗೂ ಜಾಗ ಬೇಕು ಎಂಬುದನ್ನು ಗುತ್ತಿಗೆದಾರರು ಬೇಗ ಒಪ್ಪುತ್ತಾರೆ. ಕಂಬಿಯ ಮಾತು ಬಂದಾಗ ಮಾತ್ರ, ಸುರಕ್ಷತೆಯ ಹೆಸರಿನಲ್ಲಿ, ನಿಂತವರ ಎದೆಮಟ್ಟಕ್ಕೆ ಬಿಗಿದುಬಿಡುತ್ತಾರೆ. ಕುಳಿತವರಿಗೆ ಅದು ಸರಿಯಾಗಿ ಕಣ್ಣಿನ ಅಡ್ಡಕ್ಕೆ ಬರುತ್ತದೆ. ಮೊಣಕೈ ಮೇಲೇಳುವುದಿಲ್ಲ, ಕಡ್ಡಿ ಎಳೆದರೆ ಕಂಬಿಗೆ ಬಡಿಯುತ್ತದೆ, ಬೆಂಡು ಮುಳುಗಿದ್ದೂ ಕಾಣುವುದಿಲ್ಲ. ಮೀನು ಹಿಡಿಯುವ ಕಟ್ಟೆಗಳಲ್ಲಿ ಕಂಬಿಯ ಕಾಲುಭಾಗವಾದರೂ 34 ಇಂಚಿಗಿಂತ, ಅಂದರೆ 865 ಮಿಲಿಮೀಟರಿಗಿಂತ, ಎತ್ತರವಿರಕೂಡದೆಂದು ಅದೇ ಅಮೆರಿಕದ ಮಾನದಂಡ ಹೇಳುವುದು ಇದಕ್ಕಾಗಿ. ಕುರ್ಚಿಯನ್ನು ತಡೆಯುವುದು ಕಂಬಿಗಿಂತ ಹೆಚ್ಚಾಗಿ ಅಂಚಿನ ಕಟ್ಟು. ಅಲ್ಲಿ ಕನಿಷ್ಠ ಎರಡು ಇಂಚು ಎಂದಿದ್ದಾರೆ. ನಾವು ನಾಲ್ಕು ಇಂಚು ಕೇಳಿ ಎನ್ನುತ್ತೇವೆ. ಮಳೆನೀರು ಹರಿದುಹೋಗಲು ಕೊಡುವ ಸಣ್ಣ ವಾಟವೂ ಕೆರೆಯ ಕಡೆಗಿರದೆ ದಡದ ಕಡೆಗಿರಲಿ.

ಕಟ್ಟೆ ಕಟ್ಟಿದ ಮೇಲೂ ಅಲ್ಲಿಗೆ ತಲುಪದಂತೆ ಮಾಡುವ ಒಂದು ವಸ್ತುವಿದೆ. ಅಭಿವೃದ್ಧಿಯಾದ ಕೆರೆಗಳ ನಡಿಗೆದಾರಿಯ ಬಾಯಲ್ಲಿ ಬೈಕು ನುಗ್ಗದಿರಲೆಂದು ಮೂರು ಕಂಬಗಳನ್ನು ಓರೆಯಾಗಿ ನೆಟ್ಟಿರುತ್ತಾರೆ. ಬೈಕಿನವರು ಪಕ್ಕದ ಬೇಲಿ ಮುರಿದು ಹೇಗೋ ಒಳಗೆ ಹೋಗುತ್ತಾರೆ, ಹೊರಗುಳಿಯುವುದು ಗಾಲಿಕುರ್ಚಿ. ಕಂಬಗಳ ನಡುವೆ 900 ಮಿಲಿಮೀಟರ್ ನೇರ ದಾರಿ ಬಿಡಬೇಕೆಂದು ಅರ್ಜಿಯಲ್ಲೇ ಸೇರಿಸಿ.

ನಿಮ್ಮ ಮೈಯ ವಿಷಯವಾಗಿಯೂ ಎರಡು ಮಾತು. ಸ್ಪರ್ಶ ತಿಳಿಯದ ಕಾಲಿಗೆ ಬಿಸಿಲಿನಲ್ಲಿ ಕಾದ ಕಬ್ಬಿಣದ ಕಂಬಿಯೋ ಕಲ್ಲೋ ತಾಗಿದರೆ ಸುಟ್ಟದ್ದು ಗೊತ್ತಾಗುವುದಿಲ್ಲ. ಬೆನ್ನುಹುರಿಯ ಪೆಟ್ಟು ಮೇಲ್ಮಟ್ಟದ್ದಾದರೆ ಕೆಳಗಿನ ಭಾಗ ಬೆವರುವುದೂ ನಿಲ್ಲುವುದರಿಂದ ಮೈ ಬೇಗ ಕಾಯುತ್ತದೆ. ಕಟ್ಟೆಯ ಮೇಲೆ ನೆರಳು ಅಲಂಕಾರಕ್ಕೆಂದು ಯಾರೂ ತಿಳಿಯಬಾರದು. ಕೂತಲ್ಲೇ ಕೂತು ಆಗುವ ಒತ್ತಡದ ಹುಣ್ಣೇನಾದರೂ ಇದ್ದರೆ ಅದು ಮಾಯುವವರೆಗೆ ಕೆರೆಯ ಕಡೆ ಹೋಗಬೇಡಿ. ಕೆ.ಸಿ. ವ್ಯಾಲಿಯ ನೀರು ಎರಡನೇ ಹಂತದವರೆಗೆ ಸಂಸ್ಕರಿಸಿದ ಕೊಳಚೆ ನೀರು, ಅಂತರ್ಜಲ ಹೆಚ್ಚಿಸಲು ಬಿಟ್ಟದ್ದು, ಗಾಯಕ್ಕೆ ತಾಗಿಸುವಂಥದ್ದಲ್ಲ. ಮೀನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲು ಮನೆಯಿಂದಲೇ ನೀರು ಒಯ್ಯಿರಿ. ಗಾಳದ ಕಡ್ಡಿಯನ್ನು ಹಿಡಿದೇ ಕೂರಬೇಕಿಲ್ಲ: ಕುರ್ಚಿಯ ತೋಳಿಗೆ ಒಂದು ಗೇಣುದ್ದದ ಪಿವಿಸಿ ಪೈಪನ್ನು ಓರೆಯಾಗಿ ಕ್ಲಾಂಪ್ ಹಾಕಿ ಬಿಗಿದರೆ ಅದರಲ್ಲಿ ಕಡ್ಡಿ ನಿಲ್ಲುತ್ತದೆ. ಕಾಟ್ಲಾದಂಥ ದೊಡ್ಡ ಮೀನು ಕಚ್ಚಿದರೆ ಮುಂದಕ್ಕೆ ಬಾಗಿ ಎತ್ತಲು ಹೋಗದೆ ಉದ್ದ ಹಿಡಿಯ ಕೈಬಲೆ ಬಳಸಿ. ಸೊಂಟದ ಹಿಡಿತವಿಲ್ಲದವರು ಬೀಳುವುದು ಆ ಗಳಿಗೆಯಲ್ಲೇ.

ಈಗ ದೋಣಿಯ ವಿಷಯ. ಅಧಿನಿಯಮದ 3ನೇ ಪ್ರಕರಣದ ಪ್ರಕಾರ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ. ಮಾಡಿದ್ದು ನ್ಯಾಯವಾದ ಉದ್ದೇಶಕ್ಕಾಗಿ, ಆ ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣದ ಕ್ರಮವೆಂದು ತೋರಿಸಿದರೆ ಮಾತ್ರ ವಿನಾಯಿತಿ. ಜನರ ಜೀವ ಕಾಪಾಡುವುದು ನ್ಯಾಯವಾದ ಉದ್ದೇಶ ಎಂಬುದರಲ್ಲಿ ಎರಡು ಮಾತಿಲ್ಲ. 2024ರ ಜನವರಿಯಲ್ಲಿ ವಡೋದರದ ಹರ್ಣಿ ಕೆರೆಯಲ್ಲಿ ದೋಣಿ ಮಗುಚಿ ಹನ್ನೆರಡು ಶಾಲಾಮಕ್ಕಳೂ ಇಬ್ಬರು ಶಿಕ್ಷಕಿಯರೂ ತೀರಿಕೊಂಡ ಮೇಲೆ ದೋಣಿಯವರು ಹೆದರುವುದು ಸಹಜ. ಆದರೆ ಅಲ್ಲಿ ದೂರು ಕೇಳಿಬಂದದ್ದು ಮಿತಿಮೀರಿ ಜನ ತುಂಬಿದ್ದರ ಮೇಲೆ, ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸದಿದ್ದರ ಮೇಲೆ. ಅಪಾಯ ಯಾವುದು, ಅದನ್ನು ಕಡಿಮೆ ಮಾಡಲು ಏನು ಮಾಡಬಹುದು ಎಂದು ನಿಮ್ಮನ್ನು ಒಂದು ಮಾತೂ ಕೇಳದೆ ಕುರ್ಚಿ ಕಂಡ ಕೂಡಲೇ ಟಿಕೆಟ್ ಇಲ್ಲವೆಂದದ್ದು ‘ತಕ್ಕಷ್ಟು ಪ್ರಮಾಣದ ಕ್ರಮ’ ಆಗಲಾರದೆಂದು ನಮ್ಮ ಅಭಿಪ್ರಾಯ. ದಿನಾಂಕ, ಸಮಯ, ಅವರು ಆಡಿದ ಮಾತು ಬರೆದು ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಹಾಗೆಂದು ಯಾವ ದೋಣಿಯನ್ನಾದರೂ ಹತ್ತಿಬಿಡಿ ಎನ್ನುತ್ತಿಲ್ಲ. ಮೀನುಗಾರರ ಹರಿಗೋಲು ನಿಮಗೆ ಬೇಡವೇ ಬೇಡ. ಅದು ತಿರುಗುತ್ತದೆ, ಬೆನ್ನಿಗೆ ಆಸರೆಯಿಲ್ಲ, ಅಂಚು ದಾಟಿಸಲು ಇಬ್ಬರು ನಿಮ್ಮನ್ನು ಎತ್ತಬೇಕಾಗುತ್ತದೆ. ಕುರ್ಚಿಯಲ್ಲಿ ಕುಳಿತವರ ಭಾರ ಎತ್ತರದಲ್ಲಿರುವುದರಿಂದ ದೋಣಿಯ ತಳ ಅಗಲವಾಗಿ, ಚಪ್ಪಟೆಯಾಗಿರಬೇಕು. ಎರಡು ಕೊಳವೆತೇಲುಗಳ ಮೇಲೆ ಹಲಗೆ ಹಾಸಿದ ಪಾಂಟೂನ್ ದೋಣಿ ಇದಕ್ಕೆ ಒಗ್ಗುತ್ತದೆ. ಇಂಗ್ಲೆಂಡಿನಲ್ಲಿ 1984ರಲ್ಲಿ ಶುರುವಾದ ವೀಲಿಬೋಟ್ ಟ್ರಸ್ಟ್ ಎಂಬ ಸಂಸ್ಥೆ ಇಂಥ ಕೆಲಸವನ್ನೇ ಮಾಡುತ್ತ ಬಂದಿದೆ. ಅವರ ದೋಣಿಗಳ ಮೂತಿಯೇ ಬಾಗಿಲಿನಂತೆ ಮುಂದಕ್ಕೆ ಮಡಚಿ ಇಳಿಯುವುದರಿಂದ ಕುರ್ಚಿ ಉರುಳಿಕೊಂಡೇ ಒಳಗೆ ಹೋಗುತ್ತದೆ. ಇದ್ಯಾವುದೂ ಇಲ್ಲದ ಕಡೆ, ಜೆಟ್ಟಿಯ ಮೇಲೆ ಕುರ್ಚಿಯ ಆಸನದ ಎತ್ತರಕ್ಕೆ, ಎಂದರೆ 450ರಿಂದ 500 ಮಿಲಿಮೀಟರಿಗೆ, ಹೊಂದುವ ಒಂದು ಬೆಂಚು ಇದ್ದು, ದೋಣಿಯ ಆಸನವೂ ಅದೇ ಮಟ್ಟಕ್ಕೆ ಬಂದರೆ ನೀವೇ ಕೈಯೂರಿ ಸರಿದುಕೊಳ್ಳಬಹುದು. ಒಂದು ನಿಯಮಕ್ಕೆ ಮಾತ್ರ ರಿಯಾಯಿತಿ ಇಲ್ಲ: ನೀರಿನ ಮೇಲೆ ಇರುವಷ್ಟು ಹೊತ್ತು ನಿಮ್ಮನ್ನು ಕುರ್ಚಿಗೆ ಕಟ್ಟಬಾರದು. ಲೈಫ್ ಜಾಕೆಟ್ ತೊಡಿ, ಕುರ್ಚಿಯ ಬೆಲ್ಟ್ ಬಿಚ್ಚಿಡಿ. ಮಗುಚಿದರೆ ಕುರ್ಚಿ ಮುಳುಗಲಿ, ನೀವು ತೇಲಬೇಕು.

ಅರ್ಜಿ ಯಾರಿಗೆ ಎಂಬುದು ಕೆರೆ ಯಾರದ್ದೆಂಬುದರ ಮೇಲಿದೆ. ಅಚ್ಚುಕಟ್ಟು 40 ಹೆಕ್ಟೇರಿನೊಳಗಿದ್ದರೆ ಪಂಚಾಯಿತಿಗೆ, ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಗೆ. ಮೀನಿನ ಹಕ್ಕನ್ನು ಗುತ್ತಿಗೆಗೆ ಪಡೆದ ಸಂಘದ ಒಪ್ಪಿಗೆಪತ್ರವನ್ನೂ ಲಗತ್ತಿಸಿ, ಆಮೇಲೆ ತಕರಾರು ಬರುವುದಿಲ್ಲ. ಹಣವಿಲ್ಲವೆಂದರೆ ಅಂಗವಿಕಲರಿಗಾಗಿ ಪಂಚಾಯಿತಿ ಮೀಸಲಿಡಬೇಕಾದ ಶೇ. 5ರ ಅನುದಾನದ ಲೆಕ್ಕ ಕೇಳಿ; ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಅದರ ವಿವರ ತಿಳಿದಿರುತ್ತದೆ. ಮಾರ್ಗಸೂಚಿಗಳು ಬರೀ ಸಲಹೆ, ಕಡ್ಡಾಯವಲ್ಲ ಎಂದು ಯಾರಾದರೂ ಜಾರಿಕೊಂಡರೆ, ಇಂಥ ಕನಿಷ್ಠ ನಿಯಮಗಳು ಕಡ್ಡಾಯವಾಗಿಯೇ ಇರಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದ್ದನ್ನು ನೆನಪಿಸಿ.

ಅರ್ಜಿಗೆ ಮುಂಚೆ ಒಂದು ಕೆಲಸವಿದೆ. ತೂಬಿನ ಕಲ್ಲುಕಂಬದ ಮೇಲೆ ತುಂಬಿದ ಕೆರೆಯ ನೀರಿನ ಗುರುತು ಕಾಣುತ್ತದೆ. ಬೇಸಿಗೆಯ ಕೊನೆಯಲ್ಲಿ ನೀರು ಅದಕ್ಕಿಂತ ಎಷ್ಟು ಅಡಿ ಕೆಳಗಿರುತ್ತದೆಂದು ನೀರುಗಂಟಿಯವರನ್ನು ಕೇಳಿ ಬರೆದುಕೊಳ್ಳಿ. ಆ ಅಳತೆಯನ್ನು ಅರ್ಜಿಯ ಮೊದಲ ಸಾಲಿನಲ್ಲೇ ಹಾಕಿದರೆ ಕಟ್ಟೆ ಎರಡು ಬೇಕೋ ಮೂರು ಬೇಕೋ ಎಂಬುದು ಎಂಜಿನಿಯರಿಗೆ ಕುಳಿತಲ್ಲೇ ತಿಳಿಯುತ್ತದೆ.

– ಸಂಪಾದಕ