ಹಾಲ್ ಟಿಕೆಟ್ ಬಂದ ಮೇಲೆ ಗೊತ್ತಾಗುತ್ತೆ

ಬಿಎ ಕೊನೆಯ ವರ್ಷದ ಹುಡುಗ ಹುಡುಗಿಯರಲ್ಲಿ ಒಂದೇ ಬಗೆಯ ತೊಡಕನ್ನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಅದಕ್ಕೇ ಒಬ್ಬ ವಿದ್ಯಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಿಸಿ ಇದನ್ನು ಬರೆದಿದ್ದೇನೆ. ಅವನನ್ನು ರವಿ ಎನ್ನೋಣ.

ನಮ್ಮದು ತಾಲ್ಲೂಕು ಕೇಂದ್ರದ ಚಿಕ್ಕ ಸರ್ಕಾರಿ ಪದವಿ ಕಾಲೇಜು. ಪಾಠದ ಜೊತೆಗೆ ಆಪ್ತಸಲಹೆಯ ಹೊಣೆಯೂ ನನ್ನದು. ರವಿ ಓದುತ್ತಿದ್ದದ್ದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಅಪ್ಪನದು ಊರಲ್ಲಿ ಕಿರಾಣಿ ಅಂಗಡಿ. ನಿದ್ದೆ ಬರುತ್ತಿಲ್ಲ, ಪರೀಕ್ಷೆ ಹತ್ತಿರ ಬಂದರೆ ಕೈ ನಡುಗುತ್ತದೆ ಎಂದುಕೊಂಡು ಬಂದ. ಬದುಕೇ ಬೇಡ ಅನ್ನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಸಂಖ್ಯೆ ಬರೆದುಕೊಟ್ಟೆ.

ಎರಡನೇ ಸಲ ಬಂದಾಗ, "ಮುಂದಿನ ಪರೀಕ್ಷೆ ಯಾವುದು?" ಎಂದೆ. ಕಾಲೇಜಿನ ಪರೀಕ್ಷೆಯ ಮಾತು ಎಂದುಕೊಂಡಿದ್ದೆ.

"ಹಾಲ್ ಟಿಕೆಟ್ ಬಂದ ಮೇಲೆ ಗೊತ್ತಾಗುತ್ತೆ ಮೇಡಂ."

ಅವನು ಹೇಳಿದ್ದು ಸರ್ಕಾರಿ ಕೆಲಸದ ಪರೀಕ್ಷೆಗಳ ಮಾತು. ಯಾವ ನೇಮಕಾತಿಗೆ ಕರೆದರೂ ಅರ್ಜಿ ಹಾಕುವವರು ಅಪ್ಪ, ಸೈಬರ್ ಸೆಂಟರ್‌ನಲ್ಲಿ. ಒಟಿಪಿ ಬರುವುದು ಅಪ್ಪನ ಫೋನಿಗೆ, ಪಾಸ್‌ವರ್ಡ್ ಇರುವುದು ಅಂಗಡಿಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ. ಇವನು ಬಸ್ ಹತ್ತಿ ಹೋಗಿ ಬರೆದು ಬರುತ್ತಿದ್ದ. ಕಾನ್‌ಸ್ಟೆಬಲ್, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ರೈಲ್ವೆ, ಯಾವುದನ್ನೂ ತಾನಾಗಿ ಆರಿಸಿಕೊಂಡಿರಲಿಲ್ಲ. ಹಾಗಾಗಿ ಯಾವುದಕ್ಕೂ ಮನಸಿಟ್ಟು ಓದಿರಲಿಲ್ಲ. ಪ್ರತಿ ಸೋಲು ಮಾತ್ರ ಇವನ ತಲೆಗೇ ಬರುತ್ತಿತ್ತು.

ಕಾನ್‌ಸ್ಟೆಬಲ್ ನೇಮಕಾತಿಯ ಅಧಿಸೂಚನೆಯನ್ನು ಕಂಪ್ಯೂಟರ್‌ನಲ್ಲಿ ತೆಗೆದು ಅವನ ಮುಂದಿಟ್ಟೆ. "ಓದು, ನನಗೂ ಕೇಳಲಿ" ಎಂದೆ. ವಯಸ್ಸು, ಮೀಸಲಾತಿ, ಶುಲ್ಕ ಎಲ್ಲ ಓದಿಕೊಂಡು ಹೋದವನು ದೇಹದಾರ್ಢ್ಯದ ಪುಟಕ್ಕೆ ಬಂದು ನಿಂತ. ಪುರುಷರಿಗೆ ಕನಿಷ್ಠ ಎತ್ತರ 168 ಸೆಂ.ಮೀ. "ನಾನೆಷ್ಟಿದೀನಿ ಮೇಡಂ?" ಎಂದ. ದೈಹಿಕ ಶಿಕ್ಷಣದ ಕೊಠಡಿಗೆ ಹೋಗಿ ಗೋಡೆಯ ಅಳತೆಪಟ್ಟಿಗೆ ಬೆನ್ನು ಕೊಟ್ಟು ನಿಂತ. 164. ಲಿಖಿತ ಪರೀಕ್ಷೆಯಲ್ಲೇ ಸೋಲುತ್ತಿದ್ದುದರಿಂದ ಎತ್ತರ ಅಳೆಯುವ ಹಂತವನ್ನೇ ಅವನು ನೋಡಿರಲಿಲ್ಲ. ತನಗೆ ಸಿಗಲಾರದ ಕೆಲಸಕ್ಕಾಗಿ ಈ ಹುಡುಗ ನಿದ್ದೆಗೆಟ್ಟಿದ್ದ. ತಿರುಗಿ ಬಂದು ಮಿಕ್ಕ ಪುಟಗಳನ್ನೂ ಓದಿ ಮುಗಿಸಿದ. "ಇದನ್ನೆಲ್ಲ ಎಲ್ಲರೂ ಓದ್ತಾರಾ?" ಎಂದು ಕೇಳಿದ.

ನನ್ನನ್ನು ಕಲಕಿದ್ದು ಈ ಪ್ರಶ್ನೆ. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ 61ನೇ ತಿದ್ದುಪಡಿಯ ಬಗ್ಗೆ ಇವನು ನನ್ನ ತರಗತಿಯಲ್ಲೇ ಚೆನ್ನಾಗಿ ಬರೆದಿದ್ದ. 2024ರ ಲೋಕಸಭಾ ಚುನಾವಣೆಯಲ್ಲಿ ಮತವನ್ನೂ ಹಾಕಿದ್ದ. ಸ್ವಾತಂತ್ರ್ಯ ಅವನಿಗೆ ಹತ್ತು ಅಂಕದ ಪ್ರಶ್ನೆಯಾಗಿತ್ತೇ ಹೊರತು ಬಳಸಿ ರೂಢಿಯಿರಲಿಲ್ಲ. ಕಾಲೇಜಿನಲ್ಲೂ ಅದಕ್ಕೆ ಅವಕಾಶ ಕಡಿಮೆ. 2021ರ ಹೊಸ ಪಠ್ಯಕ್ರಮದಲ್ಲಿ ಓಪನ್ ಎಲೆಕ್ಟಿವ್, ಅಂದರೆ ಮಕ್ಕಳೇ ಆರಿಸಿಕೊಳ್ಳುವ ಐಚ್ಛಿಕ ವಿಷಯ, ಬಂತು. ಆದರೆ ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡ ಸಣ್ಣ ಕಾಲೇಜಿನಲ್ಲಿ ಯಾವ ಮೇಷ್ಟ್ರಿಗೆ ಬಿಡುವಿದೆಯೋ ಅದೇ ಮಕ್ಕಳ ಆಯ್ಕೆ!

"ಹಾಗಾದ್ರೆ ನಾನೇನು ಮಾಡ್ಲಿ, ನೀವೇ ಹೇಳಿಬಿಡಿ" ಎಂದ. ಹೇಳಲಿಲ್ಲ. ಹೇಳಿದ್ದರೆ ಅವನಿಗೆ ಇನ್ನೊಬ್ಬ ಅಪ್ಪ ಸಿಗುತ್ತಿದ್ದರು, ಅಷ್ಟೇ. ನಾನು ಕೊಟ್ಟ ಸಲಹೆ ಇಷ್ಟು: ನಿನ್ನ ಹೆಸರಿನಲ್ಲಿ ಒಂದು ಸಿಮ್ ತಗೋ, ಬ್ಯಾಂಕ್ ಖಾತೆಗೂ ಆಧಾರ್‌ಗೂ ಆ ನಂಬರನ್ನೇ ಜೋಡಿಸು. ಇನ್ನು ಮುಂದೆ ಅಧಿಸೂಚನೆ ಪೂರ್ತಿ ಓದದೆ ಅರ್ಜಿ ಹಾಕಬೇಡ, ಹಾಕಿದರೆ ನೀನೇ ತುಂಬು. ಯಾವುದು ಬೇಡ ಎನ್ನುವುದನ್ನು ಅಪ್ಪನ ಎದುರು ಕೂತು, ಕಾರಣ ಕೊಟ್ಟು ಹೇಳು. ಅಮ್ಮನ ಕೈಲಿ ಹೇಳಿಸಬೇಡ.

ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. "ಬಡವರ ಮಕ್ಕಳಿಗೆ ಮೊದಲು ಕೆಲಸ ಬೇಕು. ಸ್ವಾತಂತ್ರ್ಯ, ಆಯ್ಕೆ ಎಲ್ಲ ಉಳ್ಳವರಿಗೆ" ಎಂದರು. ಕೆಲಸ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಉಳ್ಳವರ ಮಗ ತಪ್ಪು ಅರ್ಜಿ ಹಾಕಿ ಮೂರು ವರ್ಷ ಕಳೆದರೂ ನಡೆಯುತ್ತದೆ, ಕಿರಾಣಿ ಅಂಗಡಿಯವರ ಮಗನಿಗೆ ನಡೆಯುವುದಿಲ್ಲ. ಸರ್ಕಾರಿ ಕಾಗದವೊಂದನ್ನು ಓದಿ, ಇದು ನನಗೆ ಸಲ್ಲುತ್ತದೆ, ಇದು ಸಲ್ಲುವುದಿಲ್ಲ ಎಂದು ತಾನೇ ತೀರ್ಮಾನಿಸುವ ಶಕ್ತಿ ಇವನಿಗೇ ಹೆಚ್ಚು ಬೇಕು. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳು ಇದೇ ಇತಿಹಾಸ, ಇದೇ ರಾಜ್ಯಶಾಸ್ತ್ರಕ್ಕೆ ಲಕ್ಷಗಟ್ಟಲೆ ಶುಲ್ಕ ಪಡೆಯುತ್ತವೆ, ಸ್ವತಂತ್ರವಾಗಿ ಯೋಚಿಸಲು ಕಲಿಸುತ್ತೇವೆ ಎನ್ನುತ್ತವೆ. ನಮ್ಮ ಮಕ್ಕಳಿಗೆ ಮಾತ್ರ ಅದು ಯಾಕೆ ದಂಡದ ಓದಾಗಬೇಕು?

ಆಮೇಲೆ ಅವನ ಅಪ್ಪನೂ ಬಂದರು. "ನಾನು ಏಳನೇ ಕ್ಲಾಸು ಮೇಡಂ. ಇವ್ನು ಎಲ್ಲಾದ್ರೂ ತಪ್ಪು ಮಾಡಿಬಿಟ್ರೆ ಅಂತ ಭಯ" ಎಂದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಅಂಗಡಿ ಬಿಟ್ಟು, ಸಾಲಿನಲ್ಲಿ ನಿಂತು ಮಗನ ಅರ್ಜಿ ತುಂಬಿಸಿದ ಮನುಷ್ಯ. ಅಪ್ಪನನ್ನು ವೈರಿಯಂತೆ ನೋಡಲು ರವಿಗೂ ನಾನು ಬಿಡಲಿಲ್ಲ. ಪ್ರಯಾಣಕ್ಕೂ ಶುಲ್ಕಕ್ಕೂ ದುಡ್ಡು ಕೊಡುವವರು ಅವರು, ಎಷ್ಟು ಖರ್ಚು ಮಾಡಬಹುದು ಎಂಬ ಮಾತು ಅವರದೇ ಇರಲಿ ಎಂದೆವು. ಯಾವುದಕ್ಕೆ ಎಂಬುದು ಮಗನದು.

ರವಿ ಬಿ.ಎಡ್. ಮಾಡಬೇಕೆಂದುಕೊಂಡಿದ್ದಾನೆ. ಅಷ್ಟರೊಳಗೆ ಒಂದು ನೇಮಕಾತಿಗೆ ತಾನೇ ಅರ್ಜಿ ತುಂಬಿದ, ಸಹಿಯ ಜಾಗಕ್ಕೆ ಫೋಟೊ ಹಾಕಿಬಿಟ್ಟ. ಅರ್ಜಿ ತಿರಸ್ಕೃತವಾಯಿತು, ಶುಲ್ಕವೂ ಹೋಯಿತು. ಅಪ್ಪ ಫೋನ್ ಮಾಡಿ, "ನೋಡಿದ್ರಾ ಮೇಡಂ, ನಾನು ಹೇಳ್ಲಿಲ್ವಾ" ಎಂದು ಸಿಟ್ಟಾದರು. ನಿದ್ದೆ ಮಾಡ್ತಿದಾನಾ ಎಂದು ಕೇಳಿದೆ. ಮಾಡ್ತಿದಾನೆ ಎಂದರು. ಹಾಗಿದ್ದರೆ ಮುಂದಿನದನ್ನೂ ಅವನೇ ತುಂಬಲಿ ಎಂದೆ.