ಸರ್ವರ್ ಇನ್‌ಸ್ಟಾಲ್ ಆಗಿದೆ, ಏಳುತ್ತಿಲ್ಲ ಅಷ್ಟೇ

ಪ್ರಶ್ನೆ: ನಮ್ಮದು ಸೀರೆ ವ್ಯಾಪಾರ. ನೇಕಾರರ ಮಜೂರಿ, ರೇಷ್ಮೆ ಕೊಟ್ಟ ಲೆಕ್ಕ ಎಲ್ಲ ಉಬುಂಟು ಆಪರೇಟಿಂಗ್ ಸಿಸ್ಟಮ್ ಇರುವ ಹಳೆ ಕಂಪ್ಯೂಟರ್‌ನಲ್ಲಿ, ಮರಿಯಾಡಿಬಿ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿತ್ತು. ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಹುಡುಗ ಮೈಎಸ್‌ಕ್ಯೂಎಲ್ 8 ಎಂಬ ಇನ್ನೊಂದು ಡೇಟಾಬೇಸ್ ಬೇಕು ಎಂದ. ಮರಿಯಾಡಿಬಿ ತೆಗೆದು ಅದನ್ನು ಹಾಕಿದರೆ ಕೊನೆಯಲ್ಲಿ 'ಡಿಪಿಕೆಜಿ ಎರರ್ ಕೋಡ್ 1' ಎಂದು ಉಬುಂಟುವಿನ ಇನ್‌ಸ್ಟಾಲರ್ ನಿಲ್ಲುತ್ತದೆ. ಎಷ್ಟು ಸಲ ತೆಗೆದು ಹಾಕಿದರೂ ಅಷ್ಟೇ. ಉಬುಂಟುವನ್ನೇ ಹೊಸದಾಗಿ ಹಾಕಲೇ?
— ಓದುಗರೊಬ್ಬರು, ಇಳಕಲ್

ಉತ್ತರ: ಬೇಡವೇ ಬೇಡ. ಡಿಸ್ಕ್ ಫಾರ್ಮ್ಯಾಟ್ ಆದರೆ ಮಜೂರಿ ಲೆಕ್ಕವೂ ಹೋಗುತ್ತದೆ.

'ಕೋಡ್ 1' ಅಂದರೆ ಏನೋ ಕೆಟ್ಟಿದೆ ಅಂತ ಮಾತ್ರ. ಫೈಲುಗಳೆಲ್ಲ ಕೂತಿರುತ್ತವೆ, ಕೊನೆಗೆ ಸರ್ವರ್ (ಡೇಟಾಬೇಸ್ ನಡೆಸುವ ಪ್ರೋಗ್ರಾಂ) ಶುರು ಮಾಡಲು ಹೋದಾಗ ಅದು ಏಳುವುದಿಲ್ಲ. ಯಾಕೆ ಅನ್ನುವುದು ಸರ್ವರ್ ತನ್ನ ತಪ್ಪುಗಳನ್ನು ಬರೆದಿಡುವ ಎರರ್ ಲಾಗ್‌ನಲ್ಲಿರುತ್ತದೆ. 'ವಾರ್' ಒಳಗೆ 'ಲಾಗ್', ಅದರೊಳಗೆ 'ಮೈಎಸ್‌ಕ್ಯೂಎಲ್' ಫೋಲ್ಡರ್ ತೆರೆದು ಕೊನೆಯ ಸಾಲುಗಳನ್ನು ಓದಿ. ಇಲ್ಲಿ ಬೆಳಗಾವಿಯ ಶಹಾಪುರದಲ್ಲೂ ಒಂದು ಸೀರೆ ಅಂಗಡಿಯ ಇಂಥದ್ದೇ ಕಂಪ್ಯೂಟರ್ ನೋಡಿದ್ದೆ. 'ಡೇಟಾ ಡಿಕ್ಷನರಿ ಇನಿಶಿಯಲೈಸೇಶನ್ ಫೇಲ್ಡ್' ಎಂದಿತ್ತು, ಅಂದರೆ ಟೇಬಲ್‌ಗಳ ವಿವರದ ಪಟ್ಟಿ ಸಿದ್ಧವಾಗಲಿಲ್ಲ ಅಂತ. ನಿಮ್ಮಲ್ಲೂ ಬಹುಶಃ ಅದೇ ಇರುತ್ತದೆ.

ಪ್ಯಾಕೇಜ್ ತೆಗೆದರೂ ಡೇಟಾ ಹೋಗುವುದಿಲ್ಲ. 'ವಾರ್', 'ಲಿಬ್', 'ಮೈಎಸ್‌ಕ್ಯೂಎಲ್' ಎಂಬ ದಾರಿಯಲ್ಲಿ ಮರಿಯಾಡಿಬಿಯ ಹಳೆ ಫೈಲುಗಳು ಹಾಗೇ ಇವೆ. ಹೊಸ ಸರ್ವರ್ ಪ್ರತಿ ಸಲವೂ ಅದೇ ಫೋಲ್ಡರ್ ತೆರೆದು ಮುಗ್ಗರಿಸುತ್ತದೆ. ಮರಿಯಾಡಿಬಿ 2009ರಲ್ಲಿ ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದದ್ದು. ಮೈಎಸ್‌ಕ್ಯೂಎಲ್ ಶುರು ಮಾಡಿದ ಮೈಕೆಲ್ ವಿಡೇನಿಯಸ್ ಅವರೇ ಇದನ್ನೂ ಶುರು ಮಾಡಿದರು. ಎರಡಕ್ಕೂ ಅವರ ಹೆಣ್ಣುಮಕ್ಕಳಾದ ಮೈ, ಮರಿಯಾ ಹೆಸರು. ಆದರೆ 2018ರ ಮೈಎಸ್‌ಕ್ಯೂಎಲ್ 8.0ರಲ್ಲಿ ಟೇಬಲ್‌ಗಳ ವಿವರ ಇಡುವ ಪದ್ಧತಿಯೇ ಬದಲಾಯಿತು. ಅಕ್ಕನ ಫೋಲ್ಡರ್ ತಂಗಿಗೆ, ತಂಗಿಯದು ಅಕ್ಕನಿಗೆ ಈಗ ನಡೆಯುವುದಿಲ್ಲ.

ಆ ಫೋಲ್ಡರ್ ಅಳಿಸಬೇಡಿ, ಹೆಸರು ಬದಲಿಸಿ. ಅದರ ಒಂದು ಕಾಪಿ ಪೆನ್‌ಡ್ರೈವ್‌ಗೂ ಹೋಗಲಿ. 'ಎಟ್ಸಿ' ಒಳಗಿನ ಮೈಎಸ್‌ಕ್ಯೂಎಲ್ ಫೋಲ್ಡರ್‌ನಲ್ಲಿ 'ಫ್ರೋಜನ್' ಎಂಬ ಫೈಲ್ ಇದ್ದರೆ ತೆಗೆಯಿರಿ, ಅದು ಇರುವವರೆಗೆ ಇನ್‌ಸ್ಟಾಲರ್ ಮುಂದಕ್ಕೆ ಹೋಗುವುದಿಲ್ಲ. ಆಮೇಲೆ ಮೈಎಸ್‌ಕ್ಯೂಎಲ್ ಪ್ಯಾಕೇಜ್ ಪರ್ಜ್ ಮಾಡಿ (ಸೆಟ್ಟಿಂಗ್ ಸಮೇತ ತೆಗೆದು) ಮತ್ತೆ ಹಾಕಿ. ಡೇಟಾಬೇಸ್‌ಗಳನ್ನೂ ಅಳಿಸಲೇ ಎಂದು ಕೇಳಿದರೆ 'ನೋ' ಅನ್ನಿ. ಗಡಿಬಿಡಿಯಲ್ಲಿ ಎಂಟರ್ ಒತ್ತಿ ಲೆಕ್ಕ ಕಳಕೊಂಡವರನ್ನು ನೋಡಿದ್ದೇನೆ.

ಲಾಗ್‌ನಲ್ಲಿ ಏನೂ ಇಲ್ಲವೇ? ಹಾಗಾದರೆ ರ‍್ಯಾಮ್ ಸಾಲದೆ ಕರ್ನಲ್ಲೇ (ಉಬುಂಟುವಿನ ತಿರುಳು) ಸರ್ವರನ್ನು ನಿಲ್ಲಿಸಿರಬಹುದು. 1 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್‌ನಲ್ಲಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇಲ್ಲದಿದ್ದರೆ ಹೀಗಾಗುತ್ತದೆ.

ಹಳೆ ಲೆಕ್ಕ ಹೊರತೆಗೆಯಲು ಬೇರೆ ಕಂಪ್ಯೂಟರ್‌ನಲ್ಲಿ ಅದೇ ಆವೃತ್ತಿಯ ಮರಿಯಾಡಿಬಿ ಹಾಕಿ, ಫೋಲ್ಡರ್‌ನ ಕಾಪಿ ಅಲ್ಲಿಟ್ಟು, ಡಂಪ್ (ಡೇಟಾವನ್ನು ಅಕ್ಷರಗಳಲ್ಲಿ ಬರೆದಿಟ್ಟ ಫೈಲ್) ತೆಗೆಯಿರಿ. ಅಂಗಡಿಯ ಡೇಟಾಬೇಸ್ ಒಂದನ್ನೇ ಹೊಸದಕ್ಕೆ ಹಾಕಿ. 'ಮೈಎಸ್‌ಕ್ಯೂಎಲ್' ಎಂಬ ಸಿಸ್ಟಮ್ ಡೇಟಾಬೇಸ್ ಮುಟ್ಟಬೇಡಿ, ಯೂಸರ್, ಪಾಸ್‌ವರ್ಡ್ ಹೊಸದಾಗಿ ಮಾಡಿಕೊಳ್ಳಿ. ಇಷ್ಟೆಲ್ಲ ಮಾಡುವ ಮೊದಲು ಆ ಹುಡುಗನನ್ನು ಒಂದು ಮಾತು ಕೇಳಿ: ಬಿಲ್ ಮಾಡಲು ಮರಿಯಾಡಿಬಿ ಯಾಕೆ ಆಗುವುದಿಲ್ಲ ಅಂತ.