ಪ್ರಶ್ನೋತ್ತರ: ಬೀಡಿ ಮುಟ್ಟದ ಅಮ್ಮನಿಗೂ ಸಿಒಪಿಡಿ?

ಪ್ರಶ್ನೆ: ಅಮ್ಮನಿಗೆ 61 ವರ್ಷ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಅಡುಗೆ, ಹಂಡೆನೀರು ಎಲ್ಲ ಸೌದೆ ಒಲೆಯಲ್ಲೇ. ಮೂರು ವರ್ಷದಿಂದ ಕೆಮ್ಮು, ಕಫ. ಈಗ ತೋಟದಿಂದ ಮೇಲೆ ಬರುವಾಗ ಎರಡು ಕಡೆ ನಿಲ್ಲುತ್ತಾರೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರಬಹುದೆಂದು ವೈದ್ಯರು ಕ್ಯಾಪ್ಸೂಲ್ ಹಾಕಿ ಎಳೆಯುವ ಇನ್‌ಹೇಲರ್ ಕೊಟ್ಟಿದ್ದಾರೆ. ತಿಂಗಳಾದರೂ ಗುಣವಿಲ್ಲ. ಅಭ್ಯಾಸವಾಗಿಬಿಟ್ಟರೆ ಎಂಬ ಭಯವೂ ಇದೆ.
– ಓದುಗರು, ಬದಿಯಡ್ಕ

ಉತ್ತರ: ನಿಮ್ಮ ತಾಯಿಯವರು ಬೀಡಿ ಸೇದಿಲ್ಲ, ಆದರೆ ಹೊಗೆ ಕುಡಿದಿದ್ದಾರೆ. ಹಸಿ ಮಡಲು, ಕೊತ್ತಳಿಗೆ ಉರಿಸಿದ ಹೊಗೆ ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸನಾಳ ಊದಿಕೊಂಡು ಕಿರಿದಾಗುತ್ತದೆ, ಗಾಳಿಚೀಲಗಳ ಗೋಡೆ ಹಾಳಾಗುತ್ತದೆ. ಎಳೆದ ಉಸಿರು ಪೂರ್ತಿ ಹೊರಬರದೆ ಒಳಗೇ ಉಳಿಯುವುದರಿಂದ ಏದುಸಿರು ಬರುತ್ತದೆ. ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು.

'ಇರಬಹುದು' ಎಂಬಲ್ಲಿಗೆ ನಿಲ್ಲಬೇಡಿ, ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಮಾಡಿಸಿ. ಶ್ವಾಸನಾಳ ಹಿಗ್ಗಿಸುವ ಔಷಧ ಎಳೆಸಿ, ಸುಮಾರು 15 ನಿಮಿಷ ಬಿಟ್ಟು ಜೋರಾಗಿ ಊದಿಸುತ್ತಾರೆ. ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು 0.70ಕ್ಕಿಂತ ಕಡಿಮೆ ಬಂದು, ಇಂಥ ಲಕ್ಷಣಗಳೂ ಇದ್ದರೆ ಅದು ಸಿಒಪಿಡಿ. ಕೇರಳದ ಹಲವು ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಈ ಕಾಯಿಲೆಗೆಂದೇ 'ಶ್ವಾಸ್' ಕ್ಲಿನಿಕ್ ಇದೆ. ಮೊದಲು ಅಲ್ಲಿ ವಿಚಾರಿಸಿ.

ಇನ್ನು ಇನ್‌ಹೇಲರ್. ಗುಣ ಕಾಣದಿದ್ದರೆ ಔಷಧಿಗಿಂತ ಮೊದಲು ಎಳೆಯುವ ಕ್ರಮವನ್ನು ನೋಡಬೇಕು. ಮುಂದಿನ ಸಲ ಅಮ್ಮನ ಪಕ್ಕದಲ್ಲಿ ಕೂತು ಗಮನಿಸಿ. ಕ್ಯಾಪ್ಸೂಲ್ ಒಡೆದ ಮೇಲೆ ಮುಖ ಆಚೆ ತಿರುಗಿಸಿ ಉಸಿರು ಪೂರ್ತಿ ಬಿಡಬೇಕು. ಇನ್‌ಹೇಲರ್ ಒಳಗೇ ಊದಿದರೆ ಪುಡಿ ಒದ್ದೆಯಾಗಿ ಅಂಟುತ್ತದೆ. ಬಳಿಕ ತುಟಿ ಬಿಗಿಹಿಡಿದು ಬಾಯಿಯಿಂದ ರಭಸವಾಗಿ, ಆಳವಾಗಿ ಎಳೆದು 10 ಸೆಕೆಂಡು ಉಸಿರು ಹಿಡಿಯಬೇಕು. ಮೆಲ್ಲಗೆ ಎಳೆದರೆ ಪುಡಿ ಕ್ಯಾಪ್ಸೂಲಿನಲ್ಲೇ ಉಳಿಯುತ್ತದೆ. ತೆರೆದು ನೋಡಿ, ಉಳಿದಿದ್ದರೆ ಮತ್ತೊಮ್ಮೆ ಎಳೆಸಿ. ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗುವವರೂ ಇದ್ದಾರೆ, ಅದನ್ನೂ ಕೇಳಿಕೊಳ್ಳಿ. ಆಟಿಯ ಮಳೆಯಲ್ಲಿ ಪುಡಿ ಬೇಗ ತೇವ ಹೀರುತ್ತದೆ. ಕ್ಯಾಪ್ಸೂಲನ್ನು ಎಳೆಯುವ ಹೊತ್ತಿಗೇ ಹೊರತೆಗೆಯಿರಿ.

ರಭಸವಾಗಿ ಎಳೆಯುವ ಶಕ್ತಿ ಇಲ್ಲದಿದ್ದರೆ ಪಂಪು (ಒತ್ತಿದರೆ ಔಷಧಿ ಚಿಮ್ಮುವ ಇನ್‌ಹೇಲರ್) ಮತ್ತು ಅದಕ್ಕೆ ಜೋಡಿಸುವ ಟೊಳ್ಳು ಕೊಳವೆಯಾದ ಸ್ಪೇಸರ್ ಬರೆದುಕೊಡಲು ವೈದ್ಯರನ್ನು ಕೇಳಿ. ಅದರ ಕ್ರಮ ಇದಕ್ಕೆ ತದ್ವಿರುದ್ಧ: ಕುಲುಕಿ, ಒಮ್ಮೆ ಮಾತ್ರ ಒತ್ತಿ, ನಿಧಾನವಾಗಿ ಎಳೆಯಬೇಕು. ಎರಡನೆಯ ಸಲ ಒತ್ತುವ ಮುನ್ನ ಅರ್ಧ ನಿಮಿಷ ಕಾಯಿರಿ. ಸ್ಪೇಸರನ್ನು ಸೋಪು ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಒಳಗೋಡೆಗೆ ವಿದ್ಯುದಂಶ ಬಂದು ಔಷಧಿ ಅಲ್ಲೇ ಅಂಟಿಕೊಳ್ಳುತ್ತದೆ.

ಇನ್‌ಹೇಲರ್ ಚಟವಾಗುವುದಿಲ್ಲ. ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಮೈಕ್ರೋಗ್ರಾಂ ಲೆಕ್ಕದ ಔಷಧಿ ಸಾಕು. ಸ್ಟಿರಾಯ್ಡ್ ಇದ್ದರೆ ಎಳೆದಾದ ಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ, ಇಲ್ಲವಾದರೆ ನಾಲಿಗೆ ಮೇಲೆ ಬಿಳಿ ಬೂಷ್ಟು ಬರಬಹುದು. ಹಾಳಾದ ಗಾಳಿಚೀಲ ಮರಳಿ ಬರುವುದಿಲ್ಲ. ಏದುಸಿರು ಕಡಿಮೆಯಾಗಿ ತೋಟಕ್ಕೆ ಹೋಗಿ ಬರುವಂತಾಗುವುದು ಮಾತ್ರ ಖಂಡಿತ ಸಾಧ್ಯ. ಹಂಡೆಯ ಒಲೆಗೆ ಬೆಂಕಿ ಹಾಕುವ ಕೆಲಸ ಇಂದಿನಿಂದಲೇ ಬೇರೆಯವರದಾಗಲಿ.

ಪ್ರಶ್ನೆ: ಸಿಒಪಿಡಿ ಇರುವ ಅಪ್ಪನಿಗೆ ಮನೆಯಲ್ಲಿ ಆಕ್ಸಿಜನ್ ಇದೆ. ಉಬ್ಬಸ ಹೆಚ್ಚಾದಾಗ ನಾವೇ ಹೆಚ್ಚಿಸಬಹುದೇ?
– ಓದುಗರು, ಕುಂಬಳೆ

ಉತ್ತರ: ಬೇಡ. ಇವರಲ್ಲಿ ರಕ್ತದ ಆಕ್ಸಿಜನ್ ಮಟ್ಟ ಸಾಮಾನ್ಯವಾಗಿ 88ರಿಂದ 92 ಶೇಕಡಾ ಇದ್ದರೆ ಸಾಕು. 98ಕ್ಕೆ ಏರಿಸಲು ಹೋದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಸೇರಿ ತಲೆನೋವು, ಮಂಪರು ಬರಬಹುದು. ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ, ತುಟಿ ನೀಲಿಯಾದರೆ 108ಕ್ಕೆ ಕರೆ ಮಾಡಿ. ಆಕ್ಸಿಜನ್ ಇರುವ ಕೋಣೆಯಲ್ಲಿ ದೀಪ, ಊದುಬತ್ತಿ, ಬೀಡಿ ಯಾವುದೂ ಇರಬಾರದು.